ಹೊಸಬರಿಗೆ ಮಾರ್ಗದರ್ಶಿ: ಹೂವಿನಂಗಡಿಯಿಂದ ಹೂಗುಚ್ಛ, ಗಿಡ ಕಳಿಸುವುದು

ಹೊರದೇಶಕ್ಕೆ ಬಂದ ಹೊಸತರಲ್ಲಿ, ಹೂ ಕಳಿಸುವುದೂ ಒಂದು ತಿಳಿದಿರಬೇಕಾದ ವಿಷಯ ಅಂತಲೇ ಅನಿಸುವುದಿಲ್ಲ. ಬಾಡಿಗೆ ಮನೆ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ ಎಂದು ಓಡಾಡುತ್ತಿರುವಾಗ ಒಂದು ದಿನ ಆಫೀಸಿನಿಂದ ಸುದ್ದಿ ಬರುತ್ತದೆ: ಸಹೋದ್ಯೋಗಿಯ ತಂದೆ ತೀರಿಕೊಂಡರು. ಅಥವಾ ಪಕ್ಕದ ಮನೆಯವರಿಗೆ ಆಪರೇಷನ್ ಆಯಿತು. ಹೂ ಕಳಿಸೋಣ ಎಂದು ಫೋನಿನಲ್ಲಿ ಹುಡುಕಿದರೆ ಮೊದಲ ಪುಟದ ತುಂಬ ಚೆಂದದ ಚಿತ್ರಗಳು. ಒಂದನ್ನು ಒತ್ತಿ, ಹಣ ಕಟ್ಟಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಚಿತ್ರದಲ್ಲಿದ್ದದ್ದು ಒಂದು, ತಲುಪಿದ್ದು ಇನ್ನೊಂದು ಎಂಬ ದೂರು ಬಹುಪಾಲು ಹುಟ್ಟುವುದೇ ಅಲ್ಲಿ. ಚಿತ್ರ ಆರಿಸುವ ಮೊದಲು ಅಂಗಡಿ ಆರಿಸಿ. ಅಂಗಡಿಯವರಿಗೆ ಚಿತ್ರದ ನಂಬರಿಗಿಂತ ಸಂದರ್ಭ, ಬಜೆಟ್, ಸರಿಯಾದ ವಿಳಾಸ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಅಂಗಡಿ ಯಾರು, ದಲ್ಲಾಳಿ ಯಾರು

ದೂರದ ಊರಿಗೆ ಹೂ ಕಳಿಸುವ ಏರ್ಪಾಡು ನೂರು ವರ್ಷಕ್ಕಿಂತ ಹಳೆಯದು. 1908ರಲ್ಲಿ ಬರ್ಲಿನ್‌ನ ಹೂವಿನ ವ್ಯಾಪಾರಿ ಮ್ಯಾಕ್ಸ್ ಹ್ಯೂಬ್ನರ್ ಕಟ್ಟಿದ ಕೂಟ ಮುಂದೆ ಫ್ಲೂರಾಪ್ ಎಂಬ ಹೂವಿನಂಗಡಿಗಳ ಜಾಲವಾಯಿತು. 1910ರಲ್ಲಿ ಅಮೆರಿಕದ ಹೂವಿನಂಗಡಿಗಳು ತಂತಿಯ ಮೂಲಕ ಒಬ್ಬರಿಗೊಬ್ಬರು ಆರ್ಡರ್ ಕಳಿಸಿಕೊಳ್ಳಲು ಕೂಡಿಕೊಂಡವು. ಇಂದಿನ ಎಫ್‌ಟಿಡಿ ಅದೇ. ನೀವು ನಿಮ್ಮ ಬೀದಿಯ ಅಂಗಡಿಯಲ್ಲಿ ಹಣ ಕೊಟ್ಟರೆ, ಇನ್ನೊಂದು ಊರಿನ ಅಂಗಡಿ ಗುಚ್ಛ ಕಟ್ಟಿ ತಲುಪಿಸುತ್ತದೆ. ಆರ್ಡರ್ ಹಿಡಿದವರು ಸಾಂಪ್ರದಾಯಿಕವಾಗಿ 20% ಇಟ್ಟುಕೊಳ್ಳುತ್ತಾರೆ, ಜಾಲದ ಶುಲ್ಕ ಬೇರೆ, ಉಳಿದದ್ದರಲ್ಲಿ ಹೂ. ಇಬ್ಬರೂ ಹೂ ಬಲ್ಲವರೇ ಆದ್ದರಿಂದ ಈ ಪದ್ಧತಿ ಇಷ್ಟು ಕಾಲ ನಡೆದುಕೊಂಡು ಬಂದಿದೆ.

ತೊಂದರೆ ಕೊಡುವವರು ಅಂಗಡಿಯೇ ಇಲ್ಲದ ದಲ್ಲಾಳಿಗಳು. ನಿಮ್ಮ ಊರಿನ ಹೆಸರನ್ನೇ ಅಂಟಿಸಿಕೊಂಡ ವೆಬ್‌ಸೈಟ್, ಸ್ಥಳೀಯವೆಂದು ಕಾಣುವ ಫೋನ್ ನಂಬರು. ಎತ್ತುವವರು ಮಾತ್ರ ಎಲ್ಲೋ ದೂರದ ಕಾಲ್ ಸೆಂಟರಿನವರು. ತಮ್ಮ ಪಾಲು, ಸೇವಾ ಶುಲ್ಕ ಎರಡನ್ನೂ ತೆಗೆದುಕೊಂಡು ಉಳಿದದ್ದನ್ನು ಯಾವುದೋ ಅಂಗಡಿಗೆ ದಾಟಿಸುತ್ತಾರೆ. ಆ ಅಂಗಡಿಯವರು ಕೈಗೆ ಬಂದ ಹಣಕ್ಕೆ ತಕ್ಕಷ್ಟು ಹೂ ಇಡುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ.

ಪತ್ತೆ ಹಚ್ಚುವುದು ಸುಲಭ. ಅಂಗಡಿಯ ಬೀದಿ ವಿಳಾಸ ವೆಬ್‌ಸೈಟಿನಲ್ಲಿ ಇದೆಯೇ ನೋಡಿ. ಇದ್ದರೆ ಅದನ್ನು ನಕ್ಷೆಯಲ್ಲಿ ಹಾಕಿ, ಬಾಗಿಲು ಕಾಣುತ್ತದೆಯೇ ನೋಡಿ. ಆಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಇವತ್ತು ನಿಮ್ಮಲ್ಲಿ ಯಾವ ಹೂ ಚೆನ್ನಾಗಿದೆ?" ನಿಜವಾದ ಅಂಗಡಿಯವರು ಹೂ ಇಟ್ಟಿರುವ ಕೂಲರ್ ಕಡೆ ತಿರುಗಿ ನೋಡಿ ಹೇಳುತ್ತಾರೆ. ದಲ್ಲಾಳಿ "ಯಾವ ಪುಟದ ಯಾವ ನಂಬರ್ ಬೇಕು?" ಎಂದು ಕೇಳುತ್ತಾನೆ.

ಕೊರಿಯರ್ ಡಬ್ಬಿಯಲ್ಲಿ ಬರುವ ಹೂ ಮೂರನೆಯ ಬಗೆ. ಮೊಗ್ಗಿನ ಹಂತದಲ್ಲಿ ಬರುತ್ತದೆ, ತೆಗೆದುಕೊಂಡವರೇ ಕತ್ತರಿಸಿ ನೀರಿಗಿಡಬೇಕು. ಬೆಲೆಗೆ ಹೂ ಹೆಚ್ಚು ಸಿಗುವುದುಂಟು. ಆದರೆ ದುಃಖದಲ್ಲಿರುವ ಮನೆಗೆ, ಹಾಸಿಗೆ ಹಿಡಿದವರಿಗೆ ಅದು ಬೇಡ. ಅವರಿಗೆ ಕೆಲಸ ಕೊಟ್ಟಂತಾಗುತ್ತದೆ.

ಫೋನಿನಲ್ಲಿ ಏನು ಹೇಳಬೇಕು

ಸಂದರ್ಭ, ತೆಗೆದುಕೊಳ್ಳುವವರ ವಯಸ್ಸಿನ ಅಂದಾಜು, ಇಷ್ಟದ ಬಣ್ಣ, ಡೆಲಿವರಿ ಸೇರಿ ಒಟ್ಟು ಎಷ್ಟು ಖರ್ಚು ಮಾಡುತ್ತೀರಿ ಎನ್ನುವುದು. ಇಷ್ಟು ಹೇಳಿ, "ಉಳಿದದ್ದು ನಿಮಗೆ ಬಿಟ್ಟದ್ದು" ಅನ್ನಿ. ಬಜೆಟ್ ಹೇಳಲು ಸಂಕೋಚ ಬೇಡ. ಅದನ್ನು ಹೇಳದವರ ಆರ್ಡರ್ ಹಿಡಿಯುವುದೇ ಅಂಗಡಿಯವರಿಗೆ ಕಷ್ಟ. ಅಂದು ತಾಜಾ ಬಂದ ಹೂವಿನಲ್ಲಿ ಕಟ್ಟುವ ಸ್ವಾತಂತ್ರ್ಯ ಸಿಕ್ಕರೆ ಅದೇ ಹಣಕ್ಕೆ ತುಂಬಿದ ಗುಚ್ಛ ಬರುತ್ತದೆ. ಚಿತ್ರದಲ್ಲಿರುವಂತೆಯೇ ಬೇಕು ಎಂದು ಹಟ ಹಿಡಿದರೆ ಅವರು ಇಲ್ಲದ ಹೂವಿಗಾಗಿ ಪರದಾಡಬೇಕು.

ಚಿತ್ರ ನೋಡಿಯೇ ಕೊಳ್ಳುವುದಾದರೆ ಎರಡು ಸಂಗತಿ ನೆನಪಿರಲಿ. ಸಾಮಾನ್ಯವಾಗಿ ಮೂರು ಅಳತೆಗಳಿರುತ್ತವೆ, ಚಿತ್ರ ಮಾತ್ರ ಎಷ್ಟೋ ಸಲ ದೊಡ್ಡ ಅಳತೆಯದು, ಕೆಳಗೆ ಕಾಣುವ ಬೆಲೆ ಚಿಕ್ಕದರದು. ಇನ್ನೊಂದು, ಹೂ ಸಿಗದಿದ್ದರೆ ಅದೇ ಬೆಲೆಯ ಬೇರೆ ಹೂ ಹಾಕುತ್ತೇವೆ ಎಂಬ ಷರತ್ತು ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತದೆ. ಹಳದಿ ಬಣ್ಣವೇ ಮುಖ್ಯವೋ, ಗುಲಾಬಿಯೇ ಮುಖ್ಯವೋ ಎಂದು ಮೊದಲೇ ಹೇಳಿಬಿಡಿ. ಎರಡೂ ಬೇಕೆಂದರೆ ಕೆಲವು ದಿನ ಸಿಗದೆ ಹೋಗಬಹುದು.

ಅದೇ ದಿನ ತಲುಪಬೇಕಾದರೆ ಬೆಳಿಗ್ಗೆಯೇ ಫೋನ್ ಮಾಡಿ. ಅನೇಕ ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಅವತ್ತಿನ ಆರ್ಡರ್ ನಿಲ್ಲಿಸುತ್ತವೆ. ಆ ಮಧ್ಯಾಹ್ನ ಹೂ ತಲುಪುವ ಊರಿನದು, ನಿಮ್ಮ ಗಡಿಯಾರದ್ದಲ್ಲ. ಭಾನುವಾರ ಬಹಳ ಕಡೆ ಡೆಲಿವರಿ ಇಲ್ಲ. ಫೆಬ್ರವರಿ 14 ಮತ್ತು ತಾಯಂದಿರ ದಿನದ ವಾರ ಬೆಲೆ ಏರಿರುತ್ತದೆ, ಕೈಗಳು ಸಾಲದಾಗಿರುತ್ತವೆ. ಸಾಧ್ಯವಿದ್ದರೆ ಹಿಂದಿನ ದಿನವೇ ತಲುಪುವಂತೆ ಕೊಡಿ. ತಾಯಂದಿರ ದಿನ ಎಲ್ಲ ದೇಶಗಳಲ್ಲೂ ಒಂದೇ ದಿನ ಬರುವುದಿಲ್ಲ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮೇ ತಿಂಗಳ ಎರಡನೆಯ ಭಾನುವಾರ, ಬ್ರಿಟನ್ನಿನಲ್ಲಿ ಈಸ್ಟರ್‌ಗೆ ಮೂರು ವಾರ ಮುಂಚಿನ ಭಾನುವಾರ.

ಹೆಸರು, ವಿಳಾಸ, ಕಾರ್ಡ್

ನಮ್ಮವರ ಆರ್ಡರ್‌ಗಳು ಅತಿ ಹೆಚ್ಚು ಎಡವುವುದು ಇಲ್ಲಿ. ನಾವು ಒಬ್ಬರನ್ನು ಕರೆಯುವುದು ಒಂದು ಹೆಸರಿನಿಂದ, ಪಾಸ್‌ಪೋರ್ಟಿನಲ್ಲಿ ಇರುವುದು ಇನ್ನೊಂದು. ಇನಿಷಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರೋ ಊರಿನ ಹೆಸರೋ ಮೊದಲ ಹೆಸರಾಗಿ ಕೂತಿರುತ್ತದೆ. ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ "ಪುಟ್ಟಕ್ಕ" ಎಂದು ಕೇಳಿದರೆ ಅಂಥವರು ಯಾರೂ ಇಲ್ಲ ಎನ್ನುತ್ತಾರೆ, ಹೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ದಾಖಲಾಗಿರುವ ಹೆಸರನ್ನು ಮನೆಯವರಿಂದ ಅಕ್ಷರ ಅಕ್ಷರ ಕೇಳಿ ಬರೆದುಕೊಳ್ಳಿ. ಅಪಾರ್ಟ್‌ಮೆಂಟಿಗಾದರೆ ಕರೆಗಂಟೆಯ ಪಕ್ಕದಲ್ಲಿರುವ ಹೆಸರು, ಮನೆ ನಂಬರು, ಗೇಟಿನ ಕೋಡ್ ಕೊಡಿ. ಜೊತೆಗೆ ತೆಗೆದುಕೊಳ್ಳುವವರ ಫೋನ್ ನಂಬರು ಕೊಟ್ಟೇ ಕೊಡಿ. ನಿಮ್ಮ ನಂಬರು ಮಾತ್ರ ಇದ್ದರೆ ಬಾಗಿಲಲ್ಲಿ ನಿಂತ ಡ್ರೈವರಿಗೆ ಉಪಯೋಗವಿಲ್ಲ. ಅಚ್ಚರಿ ಕೆಟ್ಟೀತು ಎಂದು ಹೆದರಬೇಡಿ, ಬಾಗಿಲು ತೆರೆಯದಿದ್ದರೆ ಮಾತ್ರ ಫೋನ್ ಮಾಡಿ ಎಂದರಾಯಿತು.

ಕಾರ್ಡಿನಲ್ಲಿ ಕನ್ನಡ ಬೇಕು ಎನ್ನುವ ಆಸೆ ಸಹಜ. ಆದರೆ ಕೆಲವು ಅಂಗಡಿಗಳ ಪ್ರಿಂಟರಿನಲ್ಲಿ ಕನ್ನಡ ಅಕ್ಷರ ಬರೀ ಚೌಕಗಳಾಗಿ ಬರುತ್ತವೆ. ನಿಮ್ಮ ಕೈಯಲ್ಲೇ ಬರೆದ ಸಾಲಿನ ಫೋಟೊ ಕಳಿಸಿ, ಅದನ್ನೇ ಮುದ್ರಿಸಿ ಅಂಟಿಸಲು ಕೇಳಬಹುದು. ಅಂಗಡಿ ಹತ್ತಿರವಿದ್ದರೆ ಕಾರ್ಡ್ ನೀವೇ ಬರೆದು ಕೊಟ್ಟು ಬರುವುದು ಎಲ್ಲಕ್ಕಿಂತ ವಾಸಿ. ಕೊನೆಯಲ್ಲಿ ಕಳಿಸಿದವರ ಹೆಸರು ಹಾಕಲು ಮರೆಯಬೇಡಿ. ಎಷ್ಟೋ ಆರ್ಡರ್ ಫಾರಂಗಳಲ್ಲಿ ಹಣ ಕಟ್ಟಿದವರ ಹೆಸರು ತಾನಾಗಿ ಕಾರ್ಡಿಗೆ ಹೋಗುವುದಿಲ್ಲ, ಸಂದೇಶದ ಜಾಗದಲ್ಲಿ ನೀವು ಬರೆದದ್ದಷ್ಟೇ ಹೋಗುತ್ತದೆ. ಹಲವರು ಸೇರಿ ಕಳಿಸುವಾಗ ಇಪ್ಪತ್ತು ಹೆಸರು ತುರುಕಬೇಡಿ. ಗುಂಪಿನ ಹೆಸರು ಸಾಕು, ಯಾರು ಯಾರು ಎನ್ನುವುದನ್ನು ಬೇರೆ ಸಂದೇಶದಲ್ಲಿ ತಿಳಿಸಬಹುದು.

ಆಸ್ಪತ್ರೆ ಮತ್ತು ಬೆಕ್ಕು

ತೀವ್ರ ನಿಗಾ ಘಟಕ, ಸುಟ್ಟ ಗಾಯಗಳ ವಾರ್ಡ್, ಅಂಗಾಂಗ ಕಸಿ ಮಾಡಿಸಿಕೊಂಡವರ ವಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. ಕುಂಡದ ಗಿಡವಂತೂ ಇನ್ನೂ ಕಷ್ಟ: ಮಣ್ಣಿನಲ್ಲಿ ಆಸ್ಪರ್‌ಜಿಲಸ್‌ನಂಥ ಶಿಲೀಂಧ್ರದ ಬೀಜಾಣುಗಳಿರುತ್ತವೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ಶ್ವಾಸಕೋಶದ ಸೋಂಕು ತರಬಲ್ಲದು. ಹೆರಿಗೆ ವಾರ್ಡಿನ ನಿಯಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಮೊದಲು ವಾರ್ಡಿಗೆ ಫೋನ್ ಮಾಡಿ ಕೇಳಿ. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಮನೆಗೆ ಬಂದ ಮೂರನೆಯ ದಿನ ಕಳಿಸುವುದೇ ಚೆನ್ನ. ಆಸ್ಪತ್ರೆಯ ಪುಟ್ಟ ಮೇಜಿನ ಮೇಲೆ ಔಷಧಿ, ನೀರಿನ ಲೋಟಕ್ಕೇ ಜಾಗ ಸಾಲದು. ಕಳಿಸಲೇಬೇಕೆಂದಿದ್ದರೆ ಚಿಕ್ಕದು, ಹೂದಾನಿ ಸಮೇತ, ವಾಸನೆ ಕಡಿಮೆ ಇರುವುದು.

ಮನೆಗೆ ಕಳಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ: ಬೆಕ್ಕು ಇದೆಯೇ? ಲಿಲ್ಲಿ ಜಾತಿಯ ಹೂಗಳು, ಡೇಲಿಲ್ಲಿ ಸಹ, ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಎಲೆ ಅಗಿಯಬೇಕೆಂದಿಲ್ಲ, ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಸಾಕು. "ಲಿಲ್ಲಿ ಬೇಡ" ಎಂದರೆ ಅಂಗಡಿಯವರಿಗೆ ಕಾರಣ ತಕ್ಷಣ ಅರ್ಥವಾಗುತ್ತದೆ. ಪೀಸ್ ಲಿಲ್ಲಿ ಹೆಸರಿಗಷ್ಟೇ ಲಿಲ್ಲಿ, ಜಾತಿ ಬೇರೆ. ಅದನ್ನು ಅಗಿದರೆ ಬಾಯಿ ಉರಿಯುತ್ತದೆ, ಮೂತ್ರಪಿಂಡಕ್ಕೆ ಅಪಾಯವಿಲ್ಲ. ನಾಯಿ ಇರುವ ಮನೆಗೆ ಸಾಗೋ ಪಾಮ್ ಕಳಿಸಬೇಡಿ, ಅದು ನಾಯಿಗೆ ವಿಷ.

ಸಾವಿನ ಮನೆಗೆ

ಮೊದಲು ಮನೆಯವರು ಕೊಟ್ಟ ಸಾವಿನ ಸೂಚನೆಯನ್ನು ಪೂರ್ತಿ ಓದಿ. ಹೂ ಬೇಡ, ಇಂಥ ಸಂಸ್ಥೆಗೆ ದೇಣಿಗೆ ಕೊಡಿ ಎಂದಿದ್ದರೆ ಅದನ್ನು ಪಾಲಿಸಿ, "ಆದರೂ ಇರಲಿ" ಎಂದು ಕಳಿಸಬೇಡಿ. ಅಂತ್ಯಕ್ರಿಯೆ ನಡೆಯುವ ಜಾಗಕ್ಕೆ ಕಳಿಸುವುದಾದರೆ ತೀರಿಕೊಂಡವರ ಪೂರ್ಣ ಹೆಸರು, ದಿನ, ಸಮಯ ಅಂಗಡಿಗೆ ಬೇಕು. ನಿಮ್ಮ ಸಹೋದ್ಯೋಗಿಯ ಹೆಸರು ಸಾಲದು, ಅಲ್ಲಿ ಒಂದೇ ದಿನ ಎರಡು ಮೂರು ಕುಟುಂಬಗಳಿರಬಹುದು. ದೊಡ್ಡ ಸ್ಟ್ಯಾಂಡಿನ ಅಲಂಕಾರ ಹತ್ತಿರದ ಬಂಧುಗಳಿಗೆ ಬಿಡಿ. ಗೆಳೆಯರಿಗೆ ಬುಟ್ಟಿ ಅಥವಾ ಗಿಡ ಸಾಕು. ತಡವಾಗಿ ಸುದ್ದಿ ತಿಳಿದರೆ ಅವಸರ ಮಾಡದೆ, ಎರಡು ವಾರ ಬಿಟ್ಟು ಮನೆಗೇ ಕಳಿಸಿ. ಆ ಹೊತ್ತಿಗೆ ಬಂದವರೆಲ್ಲ ಹೋಗಿರುತ್ತಾರೆ.

ಗಿಡವೇ ಕಳಿಸುವುದಾದರೆ

ಕತ್ತರಿಸಿದ ಹೂ ಒಂದು ವಾರ, ಹೆಚ್ಚೆಂದರೆ ಎರಡು. ಫೆಲಿನಾಪ್ಸಿಸ್ ಆರ್ಕಿಡ್ ಎರಡು ಮೂರು ತಿಂಗಳು ಅರಳಿಕೊಂಡೇ ಇರುತ್ತದೆ, ವಾರಕ್ಕೊಮ್ಮೆ ನೀರು ಸಾಕು. ಗಿಡ ಸಾಕಿ ಗೊತ್ತಿಲ್ಲದವರಿಗೆ ಪೀಸ್ ಲಿಲ್ಲಿ ಒಳ್ಳೆಯದು: ಬಾಯಾರಿದರೆ ಜೋತುಬಿದ್ದು ಹೇಳುತ್ತದೆ, ನೀರು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ.

ಒಂದೇ ಬಟ್ಟಲಿನಲ್ಲಿ ನಾಲ್ಕೈದು ಪುಟ್ಟ ಗಿಡ ಜೋಡಿಸಿದ "ಡಿಶ್ ಗಾರ್ಡನ್" ನೋಡಲು ಬಲು ಚೆಂದ, ಕಳಿಸಲೂ ಜನಪ್ರಿಯ. ಆದರೆ ಒಂದಕ್ಕೆ ನೀರು ಹೆಚ್ಚು ಬೇಕು, ಪಕ್ಕದ್ದಕ್ಕೆ ಕಡಿಮೆ. ಬಟ್ಟಲಿನ ತಳದಲ್ಲಿ ತೂತೂ ಇರುವುದಿಲ್ಲ. ಕೆಲವು ತಿಂಗಳಾದ ಮೇಲೆ ಬೇರೆ ಬೇರೆ ಕುಂಡಕ್ಕೆ ಬಿಡಿಸಿ ನೆಡಿ ಎಂದು ಕಾರ್ಡಿನಲ್ಲೇ ಒಂದು ಸಾಲು ಸೇರಿಸಿದರೆ ಗಿಡಗಳು ಬದುಕುತ್ತವೆ. ಕುಂಡಕ್ಕೆ ಸುತ್ತಿದ ಬಣ್ಣದ ಹಾಳೆಯೂ ಇದೇ ತಂಟೆ ಮಾಡುತ್ತದೆ. ನೀರು ಅದರೊಳಗೆ ನಿಂತು ಬೇರು ಕೊಳೆಯುತ್ತದೆ. ಬಂದ ದಿನವೇ ತೆಗೆಯಿರಿ, ಇಲ್ಲವೇ ತಳದಲ್ಲಿ ಚುಚ್ಚಿ.

ಚಳಿ ದೇಶದಲ್ಲಿರುವವರು ಗಮನಿಸಿ. ಆರ್ಕಿಡ್, ಆಂಥೂರಿಯಂ, ಪಾಯಿನ್‌ಸೆಟಿಯಾ ಎಲ್ಲ ಬೆಚ್ಚನೆಯ ನಾಡಿನವು, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅವಕ್ಕೆ ಏಟು ಬೀಳುತ್ತದೆ. ಮನೆಯಲ್ಲಿ ಯಾರಾದರೂ ಇರುವ ಹೊತ್ತಿಗೇ ತಲುಪಿಸಲು, ಬಾಗಿಲ ಹೊರಗೆ ಇಟ್ಟು ಹೋಗದಿರಲು ಹೇಳಿ. ಬೇರೆ ದೇಶದಲ್ಲಿರುವವರಿಗೆ ನೀವೇ ಗಿಡ ಅಂಚೆಯಲ್ಲಿ ಕಳಿಸುವ, ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆ ಬಿಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಗಿಡವನ್ನು ಗಡಿಯಲ್ಲಿ ಕಿತ್ತುಕೊಳ್ಳುವುದು ಸಾಮಾನ್ಯ, ಘೋಷಿಸದಿದ್ದರೆ ದಂಡವೂ ಬೀಳಬಹುದು. ಆ ದೇಶದ ಅಂಗಡಿಯಿಂದಲೇ ತರಿಸಿ.

ನಿಮಗೇ ಹೂ ಬಂದರೆ

ಕಾಂಡವನ್ನು ಎರಡು ಸೆಂಟಿಮೀಟರಿನಷ್ಟು ಓರೆಯಾಗಿ ಕತ್ತರಿಸಿ, ನೀರಿಗೆ ಮುಳುಗುವ ಎಲೆ ಕಿತ್ತುಹಾಕಿ, ಜೊತೆಗೆ ಬಂದ ಪುಡಿಯ ಪೊಟ್ಟಣ ಬಳಸಿ. ಅದರಲ್ಲಿ ಹೂವಿಗೆ ಸಕ್ಕರೆ, ನೀರು ಸರಾಗವಾಗಿ ಏರಲು ಆಮ್ಲ, ಬ್ಯಾಕ್ಟೀರಿಯಾ ತಡೆಯಲು ಔಷಧಿ ಇರುತ್ತವೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಹಣ್ಣಿನ ಬುಟ್ಟಿಯಿಂದ ದೂರವಿಡಿ; ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಕಾರ್ನೇಷನ್‌ನಂಥ ಹೂ ಅದಕ್ಕೆ ಬೇಗ ಬಾಡುತ್ತದೆ. ಲಿಲ್ಲಿಯ ಪರಾಗ ಬಟ್ಟೆಗೆ ಬಿದ್ದರೆ ನೀರು ಹಾಕಿ ಉಜ್ಜಬೇಡಿ, ಅಂಟುಪಟ್ಟಿಯಿಂದ ಎತ್ತಿ. ಹಸಿರು ಸ್ಪಂಜಿನಲ್ಲಿ ಚುಚ್ಚಿದ ಅಲಂಕಾರಕ್ಕೆ ದಿನಾ ನೀರು ಬೇಕು, ಚುಚ್ಚಿದ ಕಡ್ಡಿ ಎಳೆದು ಮತ್ತೆ ಚುಚ್ಚಿದರೆ ಒಳಗೆ ಗಾಳಿ ಉಳಿದು ಹೂ ನೀರು ಎಳೆಯುವುದಿಲ್ಲ.

ಬಾಡಿದ ಹೂ ಬಂದರೆ, ಅಥವಾ ಕಳಿಸಿದ್ದು ಹಾಗೆ ತಲುಪಿತು ಎಂದು ಗೊತ್ತಾದರೆ, ಅವತ್ತೇ ಫೋಟೊ ತೆಗೆದು ಅಂಗಡಿಗೆ ಫೋನ್ ಮಾಡಿ. ನಾಲ್ಕು ದಿನ ಬಿಟ್ಟು ಹೇಳಿದರೆ ಹೂ ಬಂದಾಗಲೇ ಹಾಗಿತ್ತೋ ಆಮೇಲೆ ಬಾಡಿತೋ ಅವರಿಗೂ ತಿಳಿಯದು. ನೇರವಾಗಿ ಅಂಗಡಿಯಲ್ಲೇ ಕೊಂಡಿದ್ದರೆ ಸಾಮಾನ್ಯವಾಗಿ ಬೇರೆ ಗುಚ್ಛ ಕಳಿಸುತ್ತಾರೆ. ದಲ್ಲಾಳಿಯ ಮೂಲಕ ಹೋಗಿದ್ದರೆ ಮೊದಲು ದಲ್ಲಾಳಿಗೇ ದೂರು ಕೊಡಬೇಕು, ಹಣ ನಿಮ್ಮಿಂದ ತೆಗೆದುಕೊಂಡವರು ಅವರು.