ಟ್ಯಾಬ್‌ನಿಂದ ಹಾಡು, ಪರದೆ ಎರಡನ್ನೂ ನಡೆಸುವುದು: ಮೊದಲು ರೌಟರ್, ಆಮೇಲೆ ಬಟನ್

ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ನೃತ್ಯರೂಪಕ ಇರಲಿ, ಕತ್ತಲೆಯಲ್ಲಿ ಮೌಸ್ ಹುಡುಕುತ್ತಾ ಟ್ರ್ಯಾಕ್ ಬಿಡುವ ಪಾಡು ಯಾರಿಗೂ ಬೇಡ. ಒಂದು ಟ್ಯಾಬ್, ಅದರಲ್ಲಿ ಫೇಡರ್ (ಎಳೆದು ಏರಿಳಿಸುವ ಗುಂಡಿ), ಬಟನ್ ಜೋಡಿಸಿಕೊಳ್ಳುವ ಟಚ್‌ಓಎಸ್‌ಸಿ ಆಪ್, ಲ್ಯಾಪ್‌ಟಾಪ್‌ನಲ್ಲಿ ಹಾಡಿಗೆ ಏಬಲ್‌ಟನ್ ಲೈವ್, ಎಲ್‌ಇಡಿ ವಾಲ್‌ಗೆ ರೆಸಲ್ಯೂಮ್ ಎಂಬ ತಂತ್ರಾಂಶಗಳು. ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಆಪ್ ಕಲಿಯಲು ಒಂದು ಸಂಜೆ ಸಾಕು. ಜನ ಒದ್ದಾಡುವುದು ಆಪ್‌ನಲ್ಲಲ್ಲ, ನೆಟ್‌ವರ್ಕ್‌ನಲ್ಲಿ.

ಆದ್ದರಿಂದ ಸಭಾಂಗಣದ ವೈಫೈ ನಂಬಬೇಡಿ. ಅತಿಥಿಗಳಿಗೆಂದು ಕೊಟ್ಟ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಹಾಕಿರುವುದುಂಟು. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಫೇಡರ್ ಮಾತ್ರ ಅಲುಗಾಡುವುದಿಲ್ಲ. ಸ್ವಂತ ರೌಟರ್ ಒಯ್ಯಿರಿ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. 5 ಗಿಗಾಹರ್ಟ್ಸ್‌ನಲ್ಲಿಡಿ, ಏಕೆಂದರೆ ಜನ ತುಂಬಿದ ಮೇಲೆ ಮೊದಲು ಕಿಕ್ಕಿರಿಯುವುದು 2.4. ಗೋಡೆ ದಾಟುವ ಶಕ್ತಿ 5ಕ್ಕೆ ಕಡಿಮೆ. ರೌಟರನ್ನು ಟೇಬಲ್ ಕೆಳಗೆ ತುರುಕದೆ ಟ್ಯಾಬ್‌ಗೆ ಕಾಣುವಂತೆ ಎತ್ತರದಲ್ಲಿಡಿ. ಲ್ಯಾಪ್‌ಟಾಪನ್ನು ರೌಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ, ಟ್ಯಾಬ್ ಒಂದೇ ಗಾಳಿಯಲ್ಲಿರಲಿ. ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಎರಡಕ್ಕೂ ಐಪಿ ವಿಳಾಸ ಕಾದಿರಿಸಿ: ಲ್ಯಾಪ್‌ಟಾಪ್‌ಗೆ 192.168.1.10, ಟ್ಯಾಬ್‌ಗೆ 192.168.1.20 ಅಂದುಕೊಳ್ಳಿ. ಕಾದಿರಿಸದಿದ್ದರೆ ಮತ್ತೆ ಆನ್ ಮಾಡಿದಾಗ ವಿಳಾಸ ಬದಲಾಗಬಹುದು.

ಮಲೆನಾಡಿನ ಕಡೆ ಇನ್ನೊಂದು ವಿಷಯ. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವೆ ಲ್ಯಾಪ್‌ಟಾಪ್ ಆರುವುದಿಲ್ಲ, ಟ್ಯಾಬ್ ಆರುವುದಿಲ್ಲ, ಎರಡಕ್ಕೂ ಬ್ಯಾಟರಿ ಇದೆ. ಆರುವುದು ರೌಟರ್, ಮತ್ತೆ ಎದ್ದು ಕೂರಲು ಒಂದೆರಡು ನಿಮಿಷ ಬೇಕು. ರೌಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಅಡಾಪ್ಟರ್ ಚೀಟಿ ಓದಿ: ಹೆಚ್ಚಿನವು 12 ವೋಲ್ಟ್, ಕೆಲವು 9.

ಇನ್ನು ಜೋಡಣೆ. ರೆಸಲ್ಯೂಮ್ ಓಎಸ್‌ಸಿಯನ್ನು (ನೆಟ್‌ವರ್ಕ್ ಮೇಲೆ ಆಜ್ಞೆ ಕಳಿಸುವ ಭಾಷೆ) ನೇರವಾಗಿ ಕೇಳುತ್ತದೆ. ಪ್ರಿಫರೆನ್ಸಸ್‌ನ ಓಎಸ್‌ಸಿ ಪುಟದಲ್ಲಿ ಇನ್‌ಪುಟ್ ಆನ್ ಮಾಡಿ, ಪೋರ್ಟ್ (ಸಂದೇಶ ಬಂದು ಸೇರುವ ಬಾಗಿಲಿನ ಸಂಖ್ಯೆ) 7000. ಔಟ್‌ಪುಟ್ ಆನ್ ಮಾಡಿ, ಟ್ಯಾಬ್‌ನ ಐಪಿ ಕೊಟ್ಟು, ಪೋರ್ಟ್ 7001. ಟಚ್‌ಓಎಸ್‌ಸಿಯಲ್ಲಿ ಹೋಸ್ಟ್ ಎಂದರೆ ಲ್ಯಾಪ್‌ಟಾಪ್‌ನ ಐಪಿ, ಸೆಂಡ್ ಪೋರ್ಟ್ 7000, ರಿಸೀವ್ ಪೋರ್ಟ್ 7001. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. ಇದನ್ನು ತಿರುಗುಮುರುಗು ಮಾಡುವವರೇ ಜಾಸ್ತಿ. ಫೇಡರ್‌ಗೆ ವಿಳಾಸ ಬೇಕಾದರೆ ರೆಸಲ್ಯೂಮ್‌ನ ಶಾರ್ಟ್‌ಕಟ್ಸ್ ಮೆನುವಿನಲ್ಲಿ ಎಡಿಟ್ ಓಎಸ್‌ಸಿ ತೆರೆದು, ಬೇಕಾದ ಲೇಯರ್‌ನ ಮಾಸ್ಟರ್ ಒತ್ತಿ. ಅಲ್ಲಿ ಕಾಣುವ ಸಾಲನ್ನು ಮೊದಲ ಸ್ಲಾಶ್ ಸಮೇತ ಹಾಗೆಯೇ ಟಚ್‌ಓಎಸ್‌ಸಿಗೆ ಇಳಿಸಿ. ಒಂದು ಅಕ್ಷರ ತಪ್ಪಿದರೂ ಯಾವ ದೂರೂ ಬರುವುದಿಲ್ಲ, ಸುಮ್ಮನಿರುತ್ತದೆ.

ಏಬಲ್‌ಟನ್ ಲೈವ್ ಓಎಸ್‌ಸಿಯನ್ನು ತಾನಾಗಿ ಕೇಳುವುದಿಲ್ಲ. ಅದಕ್ಕೆ ಮಿಡಿ, ಅಂದರೆ ಸಂಗೀತ ಸಾಧನಗಳು ಪರಸ್ಪರ ಮಾತಾಡುವ ಭಾಷೆ. ಟ್ಯಾಬ್‌ನ ಮಿಡಿಯನ್ನು ತಲುಪಿಸಲು ಲ್ಯಾಪ್‌ಟಾಪ್‌ನಲ್ಲಿ ಟಚ್‌ಓಎಸ್‌ಸಿ ಬ್ರಿಡ್ಜ್ ತಂತ್ರಾಂಶ ಹಾಕಿ, ಲೈವ್‌ನ ಮಿಡಿ ಸೆಟ್ಟಿಂಗ್‌ನಲ್ಲಿ ಬ್ರಿಡ್ಜ್‌ನ ಇನ್‌ಪುಟ್ ಸಾಲಿನಲ್ಲೂ ಔಟ್‌ಪುಟ್ ಸಾಲಿನಲ್ಲೂ ರಿಮೋಟ್ ಆನ್ ಮಾಡಿ. ಕಂಟ್ರೋಲ್ ಎಂ ಒತ್ತಿ (ಮ್ಯಾಕ್‌ನಲ್ಲಿ ಕಮಾಂಡ್ ಎಂ), ಲೈವ್‌ನ ವಾಲ್ಯೂಮ್ ಕ್ಲಿಕ್ ಮಾಡಿ, ಟ್ಯಾಬ್‌ನ ಫೇಡರ್ ಎಳೆಯಿರಿ. ಔಟ್‌ಪುಟ್ ಸಾಲನ್ನು ಮರೆತರೆ ಟ್ಯಾಬ್‌ನ ಫೇಡರ್ ಒಂದು ಕಡೆ, ಲೈವ್‌ನದು ಇನ್ನೊಂದು ಕಡೆ. ಮುಟ್ಟಿದ ಕೂಡಲೇ ಸದ್ದು ಧಡಕ್ಕನೆ ಹಾರುತ್ತದೆ. ಲೈವ್‌ನ ಟೇಕೋವರ್ ಮೋಡನ್ನು ಪಿಕಪ್‌ಗೆ (ಟ್ಯಾಬ್‌ನ ಫೇಡರ್ ಲೈವ್‌ನ ಮಟ್ಟ ಮುಟ್ಟುವವರೆಗೆ ಸದ್ದು ಕದಲದಂತೆ) ಇಟ್ಟರೆ ಅದೂ ತಪ್ಪುತ್ತದೆ.

ಎಕ್ಸ್‌ವೈ ಪ್ಯಾಡನ್ನು (ಬೆರಳನ್ನು ಅಡ್ಡಕ್ಕೂ ಉದ್ದಕ್ಕೂ ಎಳೆಯುವ ಚೌಕ) ಲೈವ್‌ಗೆ ಜೋಡಿಸುವಾಗ, ಅಂದರೆ ಮ್ಯಾಪ್ ಮಾಡುವಾಗ, ಒಂದು ಸಿಕ್ಕು ಇದೆ: ಬೆರಳಿಟ್ಟರೆ ಎರಡು ಅಕ್ಷಗಳೂ ಒಟ್ಟಿಗೆ ಸಂದೇಶ ಕಳಿಸುತ್ತವೆ, ಲೈವ್ ತನಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಎಡಿಟರ್‌ನಲ್ಲಿ ಒಂದು ಅಕ್ಷದ ಸಂದೇಶವನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಒಂದೊಂದಾಗಿ ಮ್ಯಾಪ್ ಮಾಡಿ.

ಪರದೆಗೂ ಮಿಡಿಯನ್ನೇ ಬಳಸಬಾರದೇ? ಬಳಸಬಹುದು. ಆದರೆ ಮಿಡಿ ಫೇಡರ್‌ಗೆ 0ಯಿಂದ 127ರವರೆಗೆ 128 ಮೆಟ್ಟಿಲಷ್ಟೇ. ನಿಧಾನವಾಗಿ ಕತ್ತಲೆಗೆ ಇಳಿಸುವಾಗ ಎಲ್‌ಇಡಿ ವಾಲ್‌ನಲ್ಲಿ ಆ ಮೆಟ್ಟಿಲು ಕಣ್ಣಿಗೆ ಬೀಳಬಹುದು. ಓಎಸ್‌ಸಿ 0ಯಿಂದ 1ರ ನಡುವಿನ ದಶಮಾಂಶ ಕಳಿಸುತ್ತದೆ, ಇಳಿಕೆ ನುಣುಪಾಗಿರುತ್ತದೆ.

ಫೇಡರ್ ಅಲುಗಾಡದಿದ್ದರೆ ಈ ಕ್ರಮದಲ್ಲಿ ನೋಡಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಪಬ್ಲಿಕ್ ಎಂದಿದ್ದರೆ ಪ್ರೈವೇಟ್ ಮಾಡಿ, ಫೈರ್‌ವಾಲ್‌ನಲ್ಲಿ ರೆಸಲ್ಯೂಮ್‌ಗೂ ಬ್ರಿಡ್ಜ್‌ಗೂ ಅನುಮತಿ ಕೊಡಿ. ಲ್ಯಾಪ್‌ಟಾಪ್‌ನಿಂದ ಟ್ಯಾಬ್‌ಗೆ ಪಿಂಗ್ (ಸಾಧನ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಯಿತೆಂದು ಖುಷಿಪಡಬೇಡಿ, ಒಳಬರುವ ದಾರಿ ಆಗಲೂ ಮುಚ್ಚಿರಬಹುದು. ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಲೋಕಲ್ ನೆಟ್‌ವರ್ಕ್‌ಗೆ ಹೋಗಿ ಟಚ್‌ಓಎಸ್‌ಸಿ ಆನ್ ಇದೆಯೇ ನೋಡಿ. ಮೊದಲ ಸಲ ಕೇಳಿದಾಗ ಬೇಡ ಎಂದು ಒತ್ತಿದವರಿಗೆ ಮತ್ತೆ ಪ್ರಶ್ನೆ ಬರುವುದಿಲ್ಲ. ಆಂಡ್ರಾಯ್ಡ್‌ನದು ಬೇರೆ ಚಾಳಿ: ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡರೆ ಮೊಬೈಲ್ ಡೇಟಾಗೆ ಜಾರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಒಂದನ್ನೇ ಆನ್ ಮಾಡಿ.

ಬಟನ್ ಜೋಡಿಸುವಾಗ ಆಸೆ ಬೇಡ. 10 ಇಂಚಿನ ಪರದೆಯಲ್ಲಿ ಒಂದು ಪುಟಕ್ಕೆ 6 ಫೇಡರ್, 12 ಬಟನ್ ಸಾಕು. ಬಟನ್‌ನ ಪ್ರತಿ ಬದಿ 15 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಕತ್ತಲೆಯಲ್ಲಿ ಪಕ್ಕದ್ದು ಒತ್ತಿಹೋಗುತ್ತದೆ. ಗಾಜಿನ ಮೇಲೆ ಬೆರಳಿಗೆ ಗುರುತು ಸಿಗುವುದಿಲ್ಲ, ಹಾಗಾಗಿ ಎಲ್ಲ ನಿಲ್ಲಿಸುವ ಬಟನನ್ನು ಮೂಲೆಯಲ್ಲಿ, ಸುತ್ತ ಖಾಲಿ ಜಾಗ ಬಿಟ್ಟು ಇಡಿ. ನೋಟಿಫಿಕೇಶನ್ ಆಫ್, ಪರದೆ ಆರದಂತೆ ಸೆಟ್ಟಿಂಗ್, ಬೇರೆ ಆಪ್‌ಗೆ ಜಾರದಂತೆ ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆಪ್ ಪಿನ್. ಬಯಲು ವೇದಿಕೆಯಲ್ಲಿ ಜಡಿಮಳೆ ಹನಿ ಗಾಜಿನ ಮೇಲೆ ಬಿದ್ದರೆ ಅದನ್ನೂ ಬೆರಳೆಂದು ತಿಳಿದು ಫೇಡರ್ ತಾನೇ ಓಡಬಹುದು. ಒಣ ಬಟ್ಟೆಯ ತುಂಡು ಜೇಬಿನಲ್ಲಿರಲಿ.

ವೈಫೈ ಮೇಲೆ ತಬಲಾ, ಡ್ರಮ್ ಬಡಿಯಲು ಹೋಗಬೇಡಿ. ತಡವಾಗುವುದಕ್ಕಿಂತ ಒಮ್ಮೆ ಬೇಗ, ಒಮ್ಮೆ ತಡ ಆಗುವುದು ತಾಳ ಕೆಡಿಸುತ್ತದೆ. ಅಂಥದ್ದು ಬೇಕೇ ಬೇಕೆಂದರೆ ಕೇಬಲ್: ಮ್ಯಾಕ್‌ನ ಆಡಿಯೋ ಮಿಡಿ ಸೆಟಪ್‌ನಲ್ಲಿ ಐಪ್ಯಾಡ್‌ಗೆ ಎನೇಬಲ್ ಒತ್ತಿ, ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಆಯ್ಕೆಯನ್ನು ಮಿಡಿಗೆ ಬದಲಿಸಿ.

ಓಎಸ್‌ಸಿ ಸಾಮಾನ್ಯವಾಗಿ ಹೋಗುವುದು ಯುಡಿಪಿ ಎಂಬ ಸಾಗಣೆ ವಿಧಾನದ ಮೇಲೆ, ತಲುಪಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಫೇಡರ್‌ನ ಒಂದು ಸಂದೇಶ ಕಳೆದರೆ ಬೆನ್ನಿಗೇ ಇನ್ನೊಂದು ಬರುತ್ತದೆ. ಬಟನ್‌ನ ಒಂದೇ ಒಂದು ಸಂದೇಶ ಕಳೆದರೆ ಹೋಯಿತು. ಹಾಗಾಗಿ ಪರದೆ ಕಪ್ಪು ಮಾಡುವ ಆಜ್ಞೆಯನ್ನು ಲ್ಯಾಪ್‌ಟಾಪ್‌ನ ಒಂದು ಕೀಗೂ ಕೊಟ್ಟು, ಆ ಕೀ ಮೇಲೆ ಬಿಳಿ ಟೇಪ್ ಅಂಟಿಸಿಡಿ.