ಸಕ್ಕರೆ, ಮೈದಾ ಎರಡೂ ಇಲ್ಲದ ಕ್ರಿಸ್‌ಮಸ್ ಕುಕೀಸ್: ಬಾದಾಮಿಯಲ್ಲಿ ಮಾಡುವ ಬಗೆ

ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ (ಹಬ್ಬದ ತಿಂಡಿಗಳ) ಕೆಲಸ ಶುರುವಾಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್ ತುಂಬಿದ ತಟ್ಟೆ ಅಕ್ಕಪಕ್ಕದವರ ಮನೆಗೂ ಹೋಗುತ್ತದೆ. ಬೆಂಗಳೂರಿನ ಬೇಕರಿಗಳಲ್ಲಿ ಪ್ಲಮ್ ಕೇಕಿನ ಘಮ. ಇಷ್ಟೆಲ್ಲದರ ನಡುವೆ ಎಷ್ಟೋ ಮನೆಗಳಲ್ಲಿ ಹಿರಿಯರೊಬ್ಬರ ಮುಂದೆ ತಟ್ಟೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ: ‘ನಿಮಗೆ ಬೇಡ ಬಿಡಿ, ಶುಗರ್ ಇದೆಯಲ್ಲ.’ 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇವರಿಗಾಗಿ ಪ್ರತ್ಯೇಕ ಡಬ್ಬಿಯಲ್ಲಿ ಸಪ್ಪೆ ಬಿಸ್ಕತ್ತು ತೆಗೆದಿಡುವ ಬದಲು, ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರೂ ಒಂದೇ ತಟ್ಟೆಯಿಂದ ತೆಗೆದುಕೊಳ್ಳುವಂಥ ಕುಕೀಸ್ ಮಾಡಬಹುದು. ಮಾಡಲೇಬೇಕು ಎಂಬುದು ನನ್ನ ಒತ್ತಾಯ.

ಅಂಗಡಿಯಲ್ಲಿ ‘ಶುಗರ್ ಫ್ರೀ’ ಬಿಸ್ಕತ್ತು ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. 100 ಗ್ರಾಂ ತಿನಿಸಿನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ಹಾಗೆಂದು ಹೇಳಿಕೊಳ್ಳಲು ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ. ಆದರೆ ಪೊಟ್ಟಣದ ಹಿಂಬದಿ ಓದಿ ನೋಡಿ. ಮೊದಲ ಹೆಸರೇ ಮೈದಾ ಅಥವಾ ಗೋಧಿ ಹಿಟ್ಟು ಆಗಿರುವುದು ಸಾಮಾನ್ಯ. 100 ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದು ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಸಿಹಿಗೆಂದು ಮಾಲ್ಟಿಟಾಲ್ ಹಾಕಿದ್ದರೆ ಅದೂ ಸಕ್ಕರೆಯಷ್ಟಲ್ಲದಿದ್ದರೂ ಗ್ಲೂಕೋಸ್ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆಯನ್ನೂ ಕೆಡಿಸುತ್ತದೆ.

ರಾಗಿ ಬಿಸ್ಕತ್ತಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿವೆ, ಅದರ ಮೇಲೆ ನಮಗಿರುವ ಪ್ರೀತಿ ಸುಳ್ಳಲ್ಲ. ಆದರೂ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅದಕ್ಕೆ ಬೆಲ್ಲವೂ ಸೇರಿದರೆ ಲೆಕ್ಕ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಬೆಲ್ಲ, ಜೇನುತುಪ್ಪ, ಖರ್ಜೂರ ಇವೆಲ್ಲ ಸಕ್ಕರೆಯ ಬೇರೆ ಬೇರೆ ರೂಪಗಳು. ಕಡಿಮೆ ಕಾರ್ಬ್ (ಕಾರ್ಬೋಹೈಡ್ರೇಟ್) ಕುಕೀಸ್‌ನಲ್ಲಿ ಇವಕ್ಕೆ ಜಾಗವಿಲ್ಲ.

ಸಕ್ಕರೆ ಮಾಡುತ್ತಿದ್ದ ಕೆಲಸ

ಬಹಳಷ್ಟು ಜನ ಸಕ್ಕರೆ ತೆಗೆದು ಅದೇ ಅಳತೆಗೆ ಇನ್ನೊಂದು ಪುಡಿ ಸುರಿಯುತ್ತಾರೆ. ಕುಕೀಸ್ ಕೈಕೊಡುವುದು ಅಲ್ಲೇ. ಸಕ್ಕರೆ ಸಿಹಿಯನ್ನಷ್ಟೇ ಕೊಡುವುದಿಲ್ಲ. ಒಲೆಯ ಬಿಸಿಗೆ ಕರಗಿ ಹಿಟ್ಟನ್ನು ಹರಡುತ್ತದೆ, ಅಂಚಿಗೆ ಕಂದು ಬಣ್ಣ ಕೊಡುತ್ತದೆ, ತೇವ ಹಿಡಿದಿಡುತ್ತದೆ, ಆರಿದ ಮೇಲೆ ಕಟುಂ ಎನ್ನುವ ಗರಿಗರಿಯನ್ನೂ ತರುತ್ತದೆ. ಜೊತೆಗೆ ಹಿಟ್ಟಿನ ಗಾತ್ರದಲ್ಲಿ ದೊಡ್ಡ ಪಾಲು ಅದರದ್ದೇ. ಸ್ಟೀವಿಯಾ ಎಂಬ ಗಿಡದ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಚಿಟಿಕೆ ಹಾಕಿದರೆ ಸಿಹಿಯೇನೋ ಬಂತು, ಗಾತ್ರ ಎಲ್ಲಿಂದ ಬರಬೇಕು? ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಬಿಸಿಗೆ ರುಚಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ ಪುಡಿಗಳಲ್ಲಿ ಗಾತ್ರಕ್ಕಾಗಿ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸಿರುವುದುಂಟು, ಅದು ಪಿಷ್ಟದಿಂದ ತಯಾರಾದದ್ದು, ಗ್ಲೂಕೋಸನ್ನು ಬೇಗ ಏರಿಸುತ್ತದೆ.

ಹೀಗಾಗಿ ಈ ಕುಕೀಸ್‌ಗೆ ನಾನು ಆರಿಸಿಕೊಳ್ಳುವುದು ಎರಿಥ್ರಿಟಾಲ್. ಗ್ಲೂಕೋಸನ್ನು ಯೀಸ್ಟ್‌ನಿಂದ ಹುದುಗಿಸಿ ತಯಾರಿಸುವ ಈ ಬಿಳಿ ಹರಳು ನೋಡಲು ಸಕ್ಕರೆಯಂತೆಯೇ ಇರುತ್ತದೆ, ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲ. ಸಿಹಿ ಸಕ್ಕರೆಯ ಶೇ 60ರಿಂದ 70ರಷ್ಟು. ಎರಡು ಗುಣ ನೆನಪಿರಲಿ. ಒಂದು, ನಾಲಿಗೆಯ ಮೇಲೆ ಪುದೀನಾ ತಿಂದಂಥ ತಂಪು ಬಿಡುತ್ತದೆ. ಏಲಕ್ಕಿ, ಚಕ್ಕೆ, ಒಣಶುಂಠಿ ಇದ್ದರೆ ಆ ತಂಪು ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡು, ಆರಿದಾಗ ಮತ್ತೆ ಹರಳುಗಟ್ಟುತ್ತದೆ; ಪುಡಿ ಮಾಡದೆ ಹಾಕಿದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ.

ಎರಿಥ್ರಿಟಾಲ್ ಬಗ್ಗೆ ಒಂದು ಎಚ್ಚರವೂ ಇದೆ. ರಕ್ತದಲ್ಲಿ ಅದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡಿತೆಂದು 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಅಧ್ಯಯನವೊಂದು ಬಂತು. ನಮ್ಮ ದೇಹವೂ ಸ್ವಲ್ಪ ಎರಿಥ್ರಿಟಾಲ್ ತಯಾರಿಸುತ್ತದೆ, ಹಾಗಾಗಿ ತಿಂದದ್ದೇ ಕಾರಣ ಎಂದು ಆ ಒಂದು ಅಧ್ಯಯನದಿಂದ ಹೇಳಲಾಗದು. ಆದರೂ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಲಿ. ಉಳಿದವರಿಗೂ ಇದು ಹಬ್ಬದ ತಿನಿಸಾಗಿರಲಿ, ದಿನನಿತ್ಯದ ಚಹಾದ ಜೊತೆಗೆ ಬೇಡ.

ಹಿಟ್ಟು ಯಾವುದು

ಬಾದಾಮಿ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ 12 ಗ್ರಾಂನಷ್ಟು ನಾರು. ಕ್ರಿಸ್‌ಮಸ್‌ಗೂ ಬಾದಾಮಿ ಪುಡಿಗೂ ಹಳೆಯ ನಂಟು. ಜರ್ಮನಿಯಲ್ಲಿ ಈ ಹಬ್ಬಕ್ಕೆ ಮಾಡುವ ‘ಝಿಮ್ಟ್‌ಸ್ಟೆರ್ನೆ’ ಎಂಬ ನಕ್ಷತ್ರಾಕಾರದ ಬಿಸ್ಕತ್ತಿಗೆ ಬಾದಾಮಿ ಪುಡಿ, ಮೊಟ್ಟೆಯ ಬಿಳಿ, ಸಕ್ಕರೆ, ಚಕ್ಕೆ ಇವೇ ಮುಖ್ಯ, ಮೈದಾ ಬೇಕಿಲ್ಲ. ಗೋಡಂಬಿಯನ್ನು ಬಾದಾಮಿಯ ಬದಲಿಗೆ ಬಳಸಬೇಡಿ, ಅದರಲ್ಲಿ ಕಾರ್ಬ್ ಹೆಚ್ಚು, ನಾರು ಕಡಿಮೆ.

ಅಂಗಡಿಯ ಬಾದಾಮಿ ಹಿಟ್ಟು ದುಬಾರಿ. ಮನೆಯಲ್ಲೇ ಮಾಡಲು ಕುದಿವ ನೀರಿಗೆ ಬಾದಾಮಿ ಹಾಕಿ ಎರಡು ನಿಮಿಷ ಬಿಟ್ಟು ಬಸಿಯಿರಿ. ಬೆರಳಲ್ಲಿ ಹಿಂಡಿದರೆ ಸಿಪ್ಪೆಯಿಂದ ಬೇಳೆ ಜಾರಿ ಬರುತ್ತದೆ. ಬಟ್ಟೆಯ ಮೇಲೆ ಹರಡಿ ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಒಣಗಿಸಿ, ಬೆಳಿಗ್ಗೆ 100 ಡಿಗ್ರಿ ಓವನ್‌ನಲ್ಲಿ ಕಾಲು ಗಂಟೆ ಇಟ್ಟು ಪೂರ್ತಿ ಆರಿಸಿ. ಮಿಕ್ಸಿಗೆ ಒಂದೊಂದೇ ಹಿಡಿ ಹಾಕಿ, ಎರಡು ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಳತೆಯ ಎರಿಥ್ರಿಟಾಲ್‌ನಿಂದ ಒಂದು ಚಮಚ ತೆಗೆದು ಜೊತೆಗೆ ಹಾಕಿದರೆ ಅಂಟಿಕೊಳ್ಳುವುದು ಕಡಿಮೆ. ಜರಡಿ ಹಿಡಿದು, ಮೇಲುಳಿದ ತರಿಯನ್ನು ಮತ್ತೆ ಪುಡಿ ಮಾಡಿ. ಸಿಪ್ಪೆ ತೆಗೆಯಲು ಸಮಯವಿಲ್ಲದಿದ್ದರೆ ಹಾಗೇ ಪುಡಿ ಮಾಡಿದರೂ ನಡೆಯುತ್ತದೆ, ಬಣ್ಣ ಮಾತ್ರ ಸ್ವಲ್ಪ ಗಾಢ.

ಮಾಡುವ ಕ್ರಮ

25 ಕುಕೀಸ್‌ಗೆ ಬೇಕಾದದ್ದು: ಬಾದಾಮಿ ಹಿಟ್ಟು 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 90 ಗ್ರಾಂ, ಎರಿಥ್ರಿಟಾಲ್ 70 ಗ್ರಾಂ, ಏಲಕ್ಕಿ ಪುಡಿ ಅರ್ಧ ಚಮಚ, ಚಕ್ಕೆ ಪುಡಿ ಅರ್ಧ ಚಮಚ, ಒಣಶುಂಠಿ ಪುಡಿ ಕಾಲು ಚಮಚ, ಉಪ್ಪು ಕಾಲು ಚಮಚ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ನಾನ್‌ಖಟಾಯಿಯ ರುಚಿ ಇಷ್ಟವೆಂದರೆ ಬೆಣ್ಣೆಯ ಬದಲು 70 ಗ್ರಾಂ ತುಪ್ಪ ಹಾಕಿ. ತುಪ್ಪದಲ್ಲಿ ನೀರಿನಂಶ ಇರದ ಕಾರಣ ಅಳತೆ ಕಡಿಮೆ. ಮೊಟ್ಟೆ ಬೇಕಿಲ್ಲ. ತಕ್ಕಡಿಯಲ್ಲಿ ತೂಗಿಯೇ ಹಾಕಿ, ಕಪ್ಪಿನ ಲೆಕ್ಕ ಬಾದಾಮಿ ಹಿಟ್ಟಿನಲ್ಲಿ ಬಹಳ ಏರುಪೇರಾಗುತ್ತದೆ.

ಮೊದಲು ಎರಿಥ್ರಿಟಾಲನ್ನು ಒಣ ಮಿಕ್ಸಿ ಜಾರಿನಲ್ಲಿ ಅರ್ಧ ನಿಮಿಷ ನುಣ್ಣಗೆ ಪುಡಿ ಮಾಡಿ. ಮುಚ್ಚಳ ತಕ್ಷಣ ತೆಗೆಯಬೇಡಿ, ಪುಡಿ ಹೊಗೆಯಂತೆ ಎದ್ದು ಮೂಗಿಗೆ ಹೊಡೆಯುತ್ತದೆ. ಎರಡು ನಿಮಿಷ ತಂಗಲು ಬಿಡಿ.

ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಅದಕ್ಕೆ ಎರಿಥ್ರಿಟಾಲ್ ಪುಡಿ ಸೇರಿಸಿ, ಬಣ್ಣ ತಿಳಿಯಾಗುವವರೆಗೆ ಮರದ ಸೌಟಿನಲ್ಲಿ ಮೂರ್ನಾಲ್ಕು ನಿಮಿಷ ನೊರೆನೊರೆಯಾಗಿ ತಿಕ್ಕಿ. ಉಪ್ಪು, ಮಸಾಲೆ ಪುಡಿಗಳು, ಕೊನೆಗೆ ಬಾದಾಮಿ ಹಿಟ್ಟು. ಮೊದಮೊದಲು ಪುಡಿಪುಡಿಯಾಗಿಯೇ ಕಾಣುತ್ತದೆ. ನೀರು ಚಿಮುಕಿಸಲು ಹೋಗಬೇಡಿ, ಅಂಗೈಯಲ್ಲಿ ಒತ್ತುತ್ತ ಹೋದರೆ ತಾನಾಗಿ ಕೂಡಿಕೊಳ್ಳುತ್ತದೆ. ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಇಲ್ಲಿ ಇಲ್ಲ, ಹಾಗಾಗಿ ನಾದಿದರೆ ಗಟ್ಟಿಯಾದೀತೆಂಬ ಭಯವೂ ಬೇಡ.

ಹಿಟ್ಟನ್ನು ಬಟರ್ ಪೇಪರ್ ಮೇಲಿಟ್ಟು ಮೂರು ಬೆರಳು ದಪ್ಪದ ಉರುಳೆ ಮಾಡಿ, ಸುತ್ತಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ. ಈ ಅರ್ಧ ಗಂಟೆ ಬಿಡಲೇಬೇಡಿ. ಬೆಣ್ಣೆ ಗಟ್ಟಿಯಾಗದಿದ್ದರೆ ಕತ್ತರಿಸುವಾಗ ಬಿಲ್ಲೆಗಳು ಮುರಿಯುತ್ತವೆ. ಆಮೇಲೂ ಮುರಿದರೆ ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಎರಡು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ, ಆ ಲೋಳೆಯನ್ನು ಹಿಟ್ಟಿಗೆ ಸೇರಿಸಿ ಮತ್ತೆ ಉರುಳೆ ಮಾಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಅಗಸೆ ಇದ್ದೇ ಇರುತ್ತದೆ, ಇಲ್ಲಿ ಮೊಟ್ಟೆಯ ಕೆಲಸವನ್ನು ಅದೇ ಮಾಡುತ್ತದೆ.

ಓವನ್ ಅನ್ನು 160 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಿ. ಉರುಳೆಯನ್ನು ಮುಕ್ಕಾಲು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಬಟರ್ ಪೇಪರ್ ಹಾಕಿದ ತಟ್ಟೆಯಲ್ಲಿ ಜೋಡಿಸಿ. ಇವು ಹೆಚ್ಚು ಹರಡುವುದಿಲ್ಲ, ಒಳಗೆ ಇಡುವಾಗ ಇದ್ದ ಆಕಾರವೇ ಹೊರಗೆ ಬರುವಾಗಲೂ ಇರುತ್ತದೆ. ತೆಳ್ಳಗೆ ಬೇಕಿದ್ದರೆ ಈಗಲೇ ಒತ್ತಿ, ಫೋರ್ಕ್‌ನಿಂದ ಗೆರೆ ಎಳೆಯಿರಿ, ಪಿಸ್ತಾ ಚೂರು ಕೂರಿಸಿ. ಸಕ್ಕರೆ ಪಾಕದಲ್ಲಿ ಮುಳುಗೆದ್ದ ಟೂಟಿ ಫ್ರೂಟಿ, ಚೆರ್ರಿ ಮಾತ್ರ ಬೇಡ.

ನಡುವಿನ ಅಂತಸ್ತಿನಲ್ಲಿ 12ರಿಂದ 14 ನಿಮಿಷ. ಕೊನೆಯ ನಾಲ್ಕು ನಿಮಿಷ ಓವನ್ ಬಿಟ್ಟು ಕದಲಬೇಡಿ. ಸಕ್ಕರೆ ಇಲ್ಲದ್ದರಿಂದ ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಇನ್ನೂ ಬೆಂದಿಲ್ಲವೆಂದು ಬಿಟ್ಟರೆ ತಳದ ಬಾದಾಮಿ ಸೀದು ಕಹಿಯಾಗುತ್ತದೆ. ಅಂಚು ಗೋಧಿ ಬಣ್ಣಕ್ಕೆ ತಿರುಗಿದ ಕೂಡಲೇ ಹೊರಗೆ ತೆಗೆಯಿರಿ. ಆಗ ನಡುಭಾಗ ಬೆರಳಿಗೆ ಮೆತ್ತಗೆ, ಹಸಿಯೇನೋ ಎನ್ನುವಂತೆ ಇರುತ್ತದೆ. ಮುಟ್ಟಲು ಹೋದರೆ ಪುಡಿಯಾಗುತ್ತದೆ. ತಟ್ಟೆಯಲ್ಲೇ ಇಪ್ಪತ್ತು ನಿಮಿಷ ಬಿಡಿ. ಬೆಣ್ಣೆ, ಎರಿಥ್ರಿಟಾಲ್ ಎರಡೂ ಆರುತ್ತ ಬಿಗಿಯಾಗಿ ಗರಿಗರಿ ಬರುವುದು ಆಗಲೇ. ಬಳಿಕ ಸಟ್ಟುಗದಿಂದ ಮೆಲ್ಲಗೆ ಎತ್ತಿ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಗೆ ಕಲ್ಲುಪ್ಪು ಹರವಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ತಳ ಬೇಗ ಕಂದುವ ಕಾರಣ ಒಂದರ ಮೇಲೊಂದು ಎರಡು ತಟ್ಟೆ ಇಡುವುದು ಕ್ಷೇಮ.

ಇದೇ ಹಿಟ್ಟಿನ ದಾರಿಯಲ್ಲಿ

ಬಾದಾಮಿಯ ಬೆಲೆ ಭಾರವೆನಿಸಿದರೆ ಕಡಲೆಕಾಯಿ ಬೀಜವಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಬರುವುದರಿಂದ, ಅಲ್ಲಿ ತಂದ ಕಾಯಿ ಕ್ರಿಸ್‌ಮಸ್ ಹೊತ್ತಿಗೆ ಬೆಂಗಳೂರಿನ ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಬೀಜದಲ್ಲಿ ಕಾರ್ಬ್ ಬಾದಾಮಿಗಿಂತಲೂ ತುಸು ಕಡಿಮೆಯೇ. ಹುರಿದು, ಸಿಪ್ಪೆ ಊದಿ, ಆರಿಸಿ ಪುಡಿ ಮಾಡಿ. 150 ಗ್ರಾಂ ಇದು, 100 ಗ್ರಾಂ ಬಾದಾಮಿ ಹಿಟ್ಟು, ಬೆಣ್ಣೆ 75 ಗ್ರಾಂ ಸಾಕು. ನನಗೆ ಇದರ ರುಚಿಯೇ ಹೆಚ್ಚು ಹಿಡಿಸುತ್ತದೆ.

ತೆಂಗಿನದು ಇನ್ನೂ ಸುಲಭ. ಎರಡು ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ, 40 ಗ್ರಾಂ ಎರಿಥ್ರಿಟಾಲ್ ಪುಡಿ, 120 ಗ್ರಾಂ ಒಣ ಕೊಬ್ಬರಿ ತುರಿ, ಏಲಕ್ಕಿ ಬೆರೆಸಿ, ಸಣ್ಣ ಉಂಡೆ ಕಟ್ಟಿ 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ರೋಸ್ ಕುಕೀಸ್‌ಗೆಂದು ತೆಂಗಿನ ಹಾಲು ಹಿಂಡುವ ಮನೆಯಲ್ಲಿ ಉಳಿದ ತುರಿಯನ್ನು ಬಿಸಾಡದೆ, ಸಣ್ಣ ಉರಿಯ ಓವನ್‌ನಲ್ಲಿ ಒಣಗಿಸಿ ಪುಡಿ ಮಾಡಿದರೆ ಅದೇ ತೆಂಗಿನ ಹಿಟ್ಟು. ಆದರೆ ಅದು ತೇವವನ್ನು ವಿಪರೀತ ಹೀರುತ್ತದೆ. ಬಾದಾಮಿ ಹಿಟ್ಟಿನ ಅಳತೆಗೇ ಬದಲಿಸಿದರೆ ಕುಕೀಸ್ ಒಣಗಿ ಉದುರುತ್ತವೆ. ಬಾದಾಮಿ ಹಿಟ್ಟಿನಲ್ಲಿ ಎರಡು ಚಮಚದಷ್ಟನ್ನು ಮಾತ್ರ ಇದರಿಂದ ಬದಲಿಸಿ.

ತಿನ್ನುವ ಮೊದಲು

ಬಾದಾಮಿಯ ಒಂದು ಕುಕೀಯಲ್ಲಿ ಒಟ್ಟು ಕಾರ್ಬ್ ಸುಮಾರು 2 ಗ್ರಾಂ (ಎರಿಥ್ರಿಟಾಲ್ ಬಿಟ್ಟು), ನಾರು ಕಳೆದರೆ 1 ಗ್ರಾಂ. ಅದೇ ತೂಕದ ಮೈದಾ ಬೆಣ್ಣೆ ಬಿಸ್ಕತ್ತಿನಲ್ಲಿ 10 ಗ್ರಾಂ ಆಸುಪಾಸು. ಆದರೆ ಕ್ಯಾಲೊರಿ 80 ದಾಟುತ್ತದೆ, ಬಾದಾಮಿ, ಬೆಣ್ಣೆ ಎರಡೂ ಕೊಬ್ಬಿನವು. ಎರಡು ಮೂರು ತಿಂದು ನಿಲ್ಲಿಸಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಿನ್ನುವ ಮೊದಲು, ಎರಡು ಗಂಟೆ ಬಿಟ್ಟು ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಬದಲಿಗೆ ಇದನ್ನು ತಿನ್ನಬಾರದು.

ಇನ್ನೊಂದನ್ನು ಮನೆಯವರೆಲ್ಲ ತಿಳಿದಿರಬೇಕು. ಶುಗರ್ ಇಳಿದು ಬೆವರು, ಕೈನಡುಕ ಬಂದಾಗ ಸಿಹಿಯೆಂದು ಈ ಕುಕೀಸ್ ಕೊಟ್ಟರೆ ಪ್ರಯೋಜನವಿಲ್ಲ. ಆಗ ಬೇಕಾದದ್ದು ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್: ಮೂರು ನಾಲ್ಕು ಚಮಚ, ನೀರಲ್ಲಿ ಕಲಸಿ, ತಕ್ಷಣ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿ ಸಾಕಿದವರು ಎರಿಥ್ರಿಟಾಲ್ ಬದಲು ಜೈಲಿಟಾಲ್ ತರಬೇಡಿ, ಅದು ನಾಯಿಗೆ ವಿಷ. ಕೊಳ್ಳುವಾಗ ಮಿಶ್ರಣಗಳ ಪೊಟ್ಟಣ ಓದಿ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಹೊರಗೆ ಒಂದು ವಾರ, ಫ್ರಿಜ್‌ನಲ್ಲಿ ಎರಡು ವಾರ ಚೆನ್ನಾಗಿರುತ್ತವೆ. ಆಮೇಲೆ ಬಾದಾಮಿಯ ಎಣ್ಣೆ ಕಮಟುತ್ತದೆ. ಕರಾವಳಿಯ ಹವೆಗೆ ಮೆತ್ತಗಾದರೆ 120 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ ಮತ್ತೆ ಆರಿಸಿದರೆ ಗರಿಗರಿಯಾಗುತ್ತವೆ. ಬೇಯಿಸದ ಉರುಳೆಯನ್ನು ಫ್ರೀಜರ್‌ನಲ್ಲಿ ತಿಂಗಳವರೆಗೆ ಇಡಬಹುದು, ಹಬ್ಬದ ಕೆಲಸವನ್ನು ಡಿಸೆಂಬರ್ ಮೊದಲ ವಾರವೇ ಅರ್ಧ ಮುಗಿಸಿಕೊಳ್ಳಲು ಇದು ಅನುಕೂಲ. ಬೇರೆಯವರ ಮನೆಗೆ ಕಳಿಸುವ ಡಬ್ಬಿಯ ಮೇಲೆ ಬಾದಾಮಿ, ಕಡಲೆಕಾಯಿ, ಎರಿಥ್ರಿಟಾಲ್ ಇದೆಯೆಂದು ಒಂದು ಚೀಟಿ ಅಂಟಿಸಿ. ಬೀಜಗಳ ಅಲರ್ಜಿ ಯಾರಿಗಿದೆಯೆಂದು ಕಳಿಸುವವರಿಗೆ ಗೊತ್ತಿರುವುದಿಲ್ಲ.