ಕುಡಿತ ಬಿಟ್ಟಾಯ್ತು, ಸಂಜೆ ಏಳು ಗಂಟೆಗೆ ಏನು ಮಾಡೋದು?

ಮೊದಲೇ ಒಂದು ಮಾತು. ದಿನಾ ಕುಡಿಯುವವರು ಡಾಕ್ಟರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಜೀವಕ್ಕೇ ಅಪಾಯ.

ಅದು ದಾಟಿದ ಮೇಲೆ ಶುರುವಾಗುವುದು ಸಂಜೆಯ ಕಾಟ. ಮುಂಬೈಯಲ್ಲಂತೂ ಲೋಕಲ್ ಇಳಿದು ಮನೆ ಸೇರುವುದರೊಳಗೆ ಒಂದು ವೈನ್ ಶಾಪ್, ಪಕ್ಕದಲ್ಲೇ ಬಾರು, ಅಲ್ಲಿನ ವೇಟರ್ ನಮ್ಮ ಊರ ಕಡೆಯವನೇ, ನೀವು ಕೂರುವ ಮೊದಲೇ ಕ್ವಾರ್ಟರ್ ತಂದಿಡುವಷ್ಟು ಸಲಿಗೆ. ದಾರಿ ಬದಲಿಸಿ. ಹತ್ತು ನಿಮಿಷ ಜಾಸ್ತಿ ನಡೆದರೂ ಸರಿ, ಸ್ಟೇಷನ್ನಿನ ಬೇರೆ ಸೇತುವೆಯಿಂದ ಇಳಿಯಿರಿ. ಖಾಲಿ ಹೊಟ್ಟೆಯಲ್ಲಿ ಆಸೆ ಜೋರು, ಹಾಗಾಗಿ ರೈಲು ಹತ್ತುವ ಮೊದಲೇ ಒಂದು ವಡಾಪಾವ್ ತಿನ್ನಿ. ಆಸೆ ಕೆರಳಿದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ, ಅಷ್ಟು ಹೊತ್ತು ಯಾರಿಗಾದರೂ ಫೋನ್ ಮಾಡಿ ಮಾತಾಡುತ್ತಾ ಇರಿ. ಜೇಬಲ್ಲಿ ದುಡ್ಡಿಟ್ಟುಕೊಳ್ಳಬೇಡಿ ಅನ್ನುವ ಹಳೇ ಉಪಾಯ ಈಗ ನಡೆಯಲ್ಲ ಬಿಡಿ, ಸ್ಕ್ಯಾನ್ ಮಾಡಿದರೆ ಮುಗೀತು.

ನಿಜವಾದ ಕಷ್ಟ ಸಿಟ್ಟಿನದು. ನಿದ್ದೆ ಸರಿಯಾಗಿ ಬರಲ್ಲ, ಸಣ್ಣದಕ್ಕೂ ರೇಗುತ್ತದೆ, ಯಾವುದರಲ್ಲೂ ರುಚಿ ಇರಲ್ಲ. ಕೆಲವರಿಗೆ ಇದು ತಿಂಗಳುಗಟ್ಟಲೆ ಇರುತ್ತದೆ, ಮಿದುಳು ಹಳೇ ಲಯಕ್ಕೆ ಬರಲು ಅಷ್ಟು ಸಮಯ ಬೇಕು. ಈ ಹೊತ್ತಲ್ಲೇ ಹೆಂಡತಿ ಬಾಗಿಲು ತೆಗೆದು, ಏನೂ ಮಾತಾಡದೆ ಹತ್ತಿರ ಬಂದು ವಾಸನೆ ನೋಡುತ್ತಾಳೆ. "ಇಷ್ಟು ದಿನ ಬಿಟ್ಟಿದ್ದೀನಿ, ಇನ್ನೂ ನಂಬಿಕೆ ಇಲ್ವಾ?" ಅಂತ ಕೂಗಿ, ಚಪ್ಪಲಿ ಮೆಟ್ಟಿ ಸೀದಾ ಬಾರಿಗೆ ಹೋದವರು ಎಷ್ಟೋ ಜನ. ನೋಡಲಿ ಬಿಡಿ. ವರ್ಷಗಟ್ಟಲೆ ಸುಳ್ಳು ಕೇಳಿದವಳು ಅಲ್ವಾ? ಕೈಕಾಲು ತೊಳೆದು, ಊಟ ಮಾಡಿ, ಆಮೇಲೆ ಮಾತಾಡಿ. ಶಹಬ್ಬಾಸ್‌ಗಿರಿಗೆ ಕಾಯಬೇಡಿ.

ಊರಲ್ಲಿ ಮದುವೆ ಇದ್ದರೆ ಕುಡಿತ ನಡೆಯುವ ಮೆಹೆಂದಿ ರಾತ್ರಿ ತಪ್ಪಿಸಿಕೊಂಡು ಮರುದಿನ ಮುಹೂರ್ತಕ್ಕೆ ಹೋಗಿ. ಶ್ರಾವಣ ಶುರುವಾಗುವ ಮುಂಚೆ ಕುಡಿದು ತಿನ್ನುವ ಗಟಾರಿ ಅಮಾವಾಸ್ಯೆಯ ಪಾರ್ಟಿಗೂ ಅಷ್ಟೇ, ಹೊಟ್ಟೆ ಸರಿಯಿಲ್ಲ ಅಂದುಬಿಡಿ. ಶ್ರಾವಣ ಪೂರ್ತಿ ಮುಟ್ಟದೆ ಇದ್ದವರು "ನನಗೆ ಹಿಡಿತ ಇದೆ" ಅಂದುಕೊಂಡು ಮತ್ತೆ ಶುರು ಮಾಡುತ್ತಾರೆ, ಆ ಲೆಕ್ಕಾಚಾರ ನಂಬಬೇಡಿ.

ಒಬ್ಬರೇ ಗುದ್ದಾಡಬೇಕಿಲ್ಲ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಮುಂಬೈಯಲ್ಲಿ ನಡೆಯುತ್ತವೆ, ಫೀಸಿಲ್ಲ, ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಮನೆಯವರಿಗೆ ಅಲ್-ಅನಾನ್ ಅನ್ನುವ ಇಂಥದ್ದೇ ಗುಂಪಿದೆ. ರಾತ್ರಿ ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಒಂದು ದಿನ ಜಾರಿದರೆ "ಹೇಗೂ ಕುಡಿದಾಯ್ತು" ಅಂತ ವಾರವಿಡೀ ಮುಂದುವರಿಸಬೇಡಿ, ಆ ರಾತ್ರಿಯೇ ಒಬ್ಬರಿಗಾದರೂ ಹೇಳಿ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುತ್ತಿರುವಾಗ ಕುಡಿದು ಎದೆ ಬಡಿತ, ವಾಂತಿ, ಉಸಿರಾಟದ ತೊಂದರೆ ಶುರುವಾದರೆ ಮಾತ್ರ ಯಾರಿಗೂ ಕಾಯದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಚೀಟಿ ಜೊತೆಗಿರಲಿ.